ಉದ್ರಿ ಪುಸ್ತಕ ಮತ್ತು ಮೂರು ಸಂಜೆಯ ಸಿನಿಮಾ: ಮುಂಬೈಯಲ್ಲಿ ನೆನಪಿನ ಪ್ರದರ್ಶನ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕಳೆದ ಹತ್ತು ವರ್ಷಗಳಲ್ಲಿ ಮಾಟುಂಗಾ, ಚೆಂಬೂರು, ಡೊಂಬಿವಲಿಯ ಸಭಾಂಗಣಗಳಲ್ಲಿ, ಒಮ್ಮೆ ಒಂದು ಗ್ಯಾಲರಿಯಲ್ಲಿ, ನಾವು ನಾಲ್ಕೈದು ಮುಂಬೈ ಕನ್ನಡಿಗ ಗೆಳೆಯರು ಸೇರಿ ಆರು ಪ್ರದರ್ಶನ ಮಾಡಿದ್ದೇವೆ. ಗೋಡೆಯ ಮೇಲೆ ಚಿತ್ರ, ಮೇಜಿನ ಮೇಲೆ ಹಳೇ ವಸ್ತು, ಸಂಜೆ ಸಿನಿಮಾ. ನಮ್ಮಲ್ಲಿ ಯಾರೂ ಕಲಾಶಾಲೆಯಲ್ಲಿ ಓದಿದವರಲ್ಲ. ಇಬ್ಬರು ಬ್ಯಾಂಕಿನವರು, ಒಬ್ಬರು ಮೇಷ್ಟ್ರು, ಒಬ್ಬರದು ಕ್ಯಾಟರಿಂಗ್. ‘ಕ್ಯುರೇಟರ್’ ಅಂತ ಕರೆದುಕೊಳ್ಳಲು ಇವತ್ತಿಗೂ ನಾಚಿಕೆ. ಆದರೂ ಮಾಡುವ ಕೆಲಸ ಅದೇ. ಏನನ್ನು ಇಡಬೇಕು, ಏನನ್ನು ಬಿಡಬೇಕು, ಯಾವುದರ ಪಕ್ಕ ಯಾವುದು ಅಂತ ತೀರ್ಮಾನಿಸುವುದು.

ಪ್ರತಿರೋಧ, ಅಸ್ಮಿತೆ, ನೆನಪು ಇವುಗಳ ಬಗ್ಗೆ ಪ್ರದರ್ಶನ ಮಾಡಬೇಕು ಅಂತ ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ಎಲ್ಲಿಂದ ಶುರು ಮಾಡುವುದು, ಯಾರ ಒಪ್ಪಿಗೆ ಬೇಕು, ಸಿನಿಮಾ ಹೇಗೆ ತರಿಸುವುದು ಅಂತ ಕೇಳುತ್ತಾರೆ. ಪ್ರತಿ ಸಲ ಅರ್ಧ ಗಂಟೆ ಮಾತಾಡುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

1. ವಿಷಯ ಬೇಡ, ಪ್ರಶ್ನೆ ಹುಡುಕಿ

‘ಮುಂಬೈ ಕನ್ನಡಿಗರ ಹೋರಾಟದ ಹಾದಿ’ ಅಂತ ಶೀರ್ಷಿಕೆ ಇಟ್ಟರೆ ಅಲ್ಲಿಗೆ ಪ್ರದರ್ಶನ ಸತ್ತಿತು. ಅದರೊಳಗೆ ಏನು ಬೇಕಾದರೂ ಹಾಕಬಹುದು. ಹಾಗಾಗಿ ಎಲ್ಲರೂ ತಮ್ಮ ಮಾವನ ಫೋಟೋ ತರುತ್ತಾರೆ.

ಅದರ ಬದಲು, ನಾಯಗಾಂವ್ ಚಾಳಿನಲ್ಲಿರುವ (ಚಾಳು ಅಂದರೆ ಕಾರ್ಮಿಕರ ಒಂದೊಂದು ಕೋಣೆಯ ಸಾಲುಮನೆ) ಎಂಬತ್ತರ ಅಜ್ಜಿ ಉತ್ತರ ಕೊಡಬಲ್ಲಂಥ ಒಂದು ಪ್ರಶ್ನೆ ಹುಡುಕಿ. ನಮ್ಮ ನಾಲ್ಕನೇ ಪ್ರದರ್ಶನದ ಪ್ರಶ್ನೆ ಇದು: 1982ರ ಮುಷ್ಕರದಲ್ಲಿ ಮಿಲ್ಲು ಮುಚ್ಚಿದಾಗ ಮಿಲ್ಲಿನ ಗೇಟಿನೆದುರಿನ ಉಡುಪಿ ಹೋಟೆಲ್‌ಗೆ ಏನಾಯಿತು?

ಮುಷ್ಕರದ ಕಥೆ ಸ್ಥೂಲವಾಗಿ ಎಲ್ಲರಿಗೂ ಗೊತ್ತು. 1982ರ ಜನವರಿ 18ಕ್ಕೆ ಶುರುವಾಯಿತು. ದತ್ತಾ ಸಾಮಂತ್ ನಾಯಕರು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಪಗಾರ ಹೆಚ್ಚಿಸಬೇಕು, ಬದಲಿ ಕಾರ್ಮಿಕರನ್ನು ಕಾಯಂ ಮಾಡಬೇಕು ಅನ್ನುವುದರ ಜೊತೆಗೆ, ತಮಗೆ ಬೇಕಾದ ಯೂನಿಯನ್ ಆರಿಸಿಕೊಳ್ಳುವ ಹಕ್ಕೂ ಬೇಕು ಅನ್ನುವುದು ಬೇಡಿಕೆ. ಮಾನ್ಯತೆ ಪಡೆದ ಒಂದೇ ಯೂನಿಯನ್ ಎಲ್ಲರ ಪರ ಮಾತಾಡುವಂತೆ ಮಾಡಿದ್ದ 1946ರ ಕಾಯಿದೆಯ ಮೇಲೆ ಅವರಿಗೆ ಸಿಟ್ಟಿತ್ತು. ತುಂಬ ಜನ ಕೊಂಕಣ, ಸಾತಾರಾ, ಕೊಲ್ಹಾಪುರದ ತಮ್ಮ ಊರುಗಳಿಗೆ ಹೋಗಿ ದಿನ ದೂಡಿದರು. ಮುಷ್ಕರ ಅಧಿಕೃತವಾಗಿ ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ.

ಇದರಲ್ಲಿ ಕನ್ನಡಿಗರು ಎಲ್ಲಿ? ಕೆಲವರು ಮಿಲ್ಲಿನೊಳಗೆ. ಹಲವರು ಗೇಟಿನ ಎದುರು, ಗಲ್ಲಾಪೆಟ್ಟಿಗೆಯ ಹಿಂದೆ. ಆ ಎರಡನೇ ಜಾಗದಿಂದ ಯಾರೂ ಕಥೆ ಹೇಳಿರಲಿಲ್ಲ. ಅದಕ್ಕೇ ಆ ಪ್ರಶ್ನೆ ಹಿಡಿದೆವು.

ಇಂಥ ಪ್ರಶ್ನೆಗಳಿಗೆ ಈ ಊರಲ್ಲಿ ಬರಗಾಲವಿಲ್ಲ. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರು ಏನು ಓದಿದರು? 1956ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲವೂ ಮುಂಬೈ ರಾಜ್ಯದಲ್ಲಿದ್ದವು. ರಾಜ್ಯ ಬೇರೆಯಾದ ಮೇಲೂ ಇಲ್ಲೇ ಉಳಿದ ಗುಮಾಸ್ತರು ತಮ್ಮನ್ನು ಏನಂತ ಕರೆದುಕೊಂಡರು? 1949ರಲ್ಲಿ ಮಂಗಳೂರಿನಿಂದ ಬರಿಗೈಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸ್ ಮುಂದೆ ಟ್ಯಾಕ್ಸಿಯವರ ಯೂನಿಯನ್ ಕಟ್ಟಿದರು. ಆ ಟ್ಯಾಕ್ಸಿ ಓಡಿಸಿದವರಲ್ಲಿ ಇವತ್ತು ಯಾರು ಉಳಿದಿದ್ದಾರೆ? ಒಂದನ್ನು ಆರಿಸಿ. ಒಂದೇ.

2. ಮೊದಲು ಬೇರೆಯವರದ್ದನ್ನು ನೋಡಿ

ಎರಡು ತಿಂಗಳು ಸುಮ್ನೆ ನೋಡುತ್ತಾ ತಿರುಗಿ. ಕಾಲಾ ಘೋಡಾದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆ, ಹತ್ತಿರದಲ್ಲೇ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಚಿತ್ರ ನೋಡುವುದು ಹೇಗಿದ್ದರೂ ಇದ್ದದ್ದೇ. ಅದರ ಜೊತೆಗೆ ಎರಡು ಚಿತ್ರಗಳ ನಡುವೆ ಬಿಟ್ಟ ಜಾಗವನ್ನೂ ನೋಡಿ. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ದಾಟಿಕೊಂಡು ಹೋಗುತ್ತಾರೆ ಅಂತ ಗಮನಿಸಿ.

ಭಾಯಖಳಾದ ಭಾವು ದಾಜಿ ಲಾಡ್ ಮ್ಯೂಸಿಯಂ ತಪ್ಪಿಸಲೇಬೇಡಿ. 1872ರಲ್ಲಿ ತೆರೆದದ್ದು. ಅಲ್ಲಿ ಮುಂಬೈಯ ಬೇರೆ ಬೇರೆ ಸಮುದಾಯದವರ ಪುಟ್ಟ ಮಣ್ಣಿನ ಬೊಂಬೆಗಳಿವೆ. ಪೇಟ, ಸೀರೆ, ಕಸುಬಿನ ಸಲಕರಣೆ ಎಲ್ಲ ಅಚ್ಚುಕಟ್ಟು. ಅಸ್ಮಿತೆಯನ್ನು ಹೊರಗಿನವರು ತೋರಿಸಿದರೆ ಹೇಗಿರುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ. ಬೊಂಬೆ ಚೆಂದ, ಆದರೆ ಅದು ಒಂದು ಮಾದರಿ, ಮನುಷ್ಯ ಅಲ್ಲ. ಹೆಸರಿಲ್ಲ, ಸಾಲವಿಲ್ಲ, ಯಾರ ಜೊತೆಗೂ ಜಗಳವಿಲ್ಲ. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಯಕ್ಷಗಾನದ ಕಿರೀಟ, ಇಳಕಲ್ ಸೀರೆ ನಿಲ್ಲಿಸುವುದೂ ಬಹಳಷ್ಟು ಸಲ ಇದೇ ಬೊಂಬೆ ಕೆಲಸ.

ನಮ್ಮ ಕಾಲದ ಕಲಾವಿದರು ಇದನ್ನು ಹೇಗೆ ಎದುರಿಸಿದ್ದಾರೆ ನೋಡಿ. 1992-93ರ ಮುಂಬೈ ಗಲಭೆಯ ನಂತರ ವಿವಾನ್ ಸುಂದರಂ ಒಂದು ಪತ್ರಿಕೆಯ ಫೋಟೋ ಹಿಡಿದುಕೊಂಡು ಕೂತರು. ಬೀದಿಯಲ್ಲಿ ಸತ್ತು ಬಿದ್ದ ಒಬ್ಬ ಮನುಷ್ಯನ ಚಿತ್ರ. ಅದೇ ಫೋಟೋವನ್ನು ಮತ್ತೆ ಮತ್ತೆ ಬಳಸಿ, ಮೊಳೆ ಹೊಡೆದು, ಅವನಿಗೊಂದು ಸ್ಮಾರಕವನ್ನೇ ಕಟ್ಟಿದರು. ಗಲಭೆಯ ನೂರು ಫೋಟೋ ತೋರಿಸಲಿಲ್ಲ, ಒಂದನ್ನೇ ಬಿಡದೆ ನೋಡಿದರು. ಸುಧೀರ್ ಪಟವರ್ಧನ್ ಠಾಣೆಯಲ್ಲಿ ಎಕ್ಸ್-ರೇ ವೈದ್ಯರಾಗಿದ್ದುಕೊಂಡೇ ಮಿಲ್ಲು ಪ್ರದೇಶ ಬದಲಾಗುವುದನ್ನು ಚಿತ್ರಿಸಿದರು. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ 1990ರ ದಶಕದ ಕೊನೆಯಲ್ಲಿ ಮುಂಬೈಗೆ ಬಂದು, ಮುಖವಾಡ ತೊಟ್ಟು, ಹಳೇ ಸಾಹಸ ಸಿನಿಮಾದ ನಾಯಕಿಯಂತೆ ತಾವೇ ನಿಂತು ಫೋಟೋ ಸರಣಿ ಮಾಡಿದರು. ಅಸ್ಮಿತೆ ಅಂದರೆ ಗಂಭೀರ ಮುಖ ಮಾಡಿಕೊಂಡೇ ಮಾತಾಡಬೇಕು ಅಂತೇನೂ ಇಲ್ಲ ಅಲ್ವಾ?

3. ವಸ್ತು ಕೇಳಿ ಪಡೆಯುವುದು

ಇದಕ್ಕೇ ಜಾಸ್ತಿ ಸಮಯ ಕೊಡಿ. ಆರು ತಿಂಗಳ ಕೆಲಸವಾದರೆ ಮೂರು ತಿಂಗಳು ಇದಕ್ಕೇ ಹೋಗಬೇಕು.

ಮೊದಲ ಭೇಟಿಯಲ್ಲಿ ಏನನ್ನೂ ಕೇಳಬೇಡಿ. ಚಹಾ ಕುಡಿಯಿರಿ. ಊರು ಯಾವುದು, ಇಲ್ಲಿಗೆ ಬಂದದ್ದು ಯಾವಾಗ, ಮೊದಲು ಎಲ್ಲಿ ಮಲಗಿದ್ದು ಅಂತ ಮಾತು ತೆಗೆಯಿರಿ. ‘ಎಲ್ಲಿ ಮಲಗಿದ್ದು’ ಅನ್ನುವುದು ಮುಂಬೈಯಲ್ಲಿ ಯಾವ ಬೀಗಕ್ಕೂ ಹೊಂದುವ ಕೀಲಿ. ಬ್ರಿಟಿಷರ ಕಾಲದಲ್ಲಿ ಸರ್ಕಾರ ಕಟ್ಟಿಸಿದ ಬಿಡಿಡಿ ಚಾಳಿನ 160 ಚದರ ಅಡಿಯ ಖೋಲಿಯಲ್ಲಿ ಎಷ್ಟು ಜನ, ಯಾರ ಕಾಲ ಬಳಿ ಯಾರ ತಲೆ ಅಂತ ಎಲ್ಲರೂ ಹೇಳುತ್ತಾರೆ. ಎರಡನೇ ಭೇಟಿಯಲ್ಲಿ ಟ್ರಂಕು ತಾನಾಗಿ ಹೊರಗೆ ಬರುತ್ತದೆ.

ನಮ್ಮ ಪ್ರಶ್ನೆಯ ಆ ಹೋಟೆಲ್ ಪರೇಲಿನದ್ದು, ಅದರ ಮಾಲೀಕರು ತೀರಿಕೊಂಡು ಬಹಳ ವರ್ಷ. ಕುಂದಾಪುರ ಕಡೆಯವರು. ಮಗ ಈಗ ಜೂಸ್ ಅಂಗಡಿ ನಡೆಸುತ್ತಾರೆ. ಮೂರನೇ ಸಲ ಹೋದಾಗ ಪ್ಲಾಸ್ಟಿಕ್ ಚೀಲದಿಂದ ಒಂದು ಪುಸ್ತಕ ತೆಗೆದರು. ಉದ್ದನೆಯ ಉದ್ರಿ ಪುಸ್ತಕ. ನೀಲಿ ರಟ್ಟು, ಮೂಲೆಗಳಲ್ಲಿ ಎಣ್ಣೆ ಕುಡಿದು ಕಪ್ಪಾಗಿದೆ. ಒಳಗೆ ಒಂದೊಂದು ಪುಟಕ್ಕೆ ಒಬ್ಬೊಬ್ಬ ಗಿರಾಕಿಯ ಹೆಸರು, ಹೆಸರಿನ ಕೆಳಗೆ ಖಾತೆಯ ಸಾಲುಗಳು. ಹೆಸರುಗಳು ಕನ್ನಡ ಲಿಪಿಯಲ್ಲಿ, ಆದರೆ ಎಲ್ಲವೂ ಮರಾಠಿ ಹೆಸರುಗಳು. 1981ರ ಪುಟಗಳಲ್ಲಿ ಪಗಾರದ ದಿನ ಬಂದಾಗಲೆಲ್ಲ ಕೆಂಪು ಶಾಯಿಯಲ್ಲಿ ‘ಚುಕ್ತಾ’. 1982ರ ಜನವರಿಯ ನಂತರ ಕೆಂಪು ಶಾಯಿಯೇ ಇಲ್ಲ. ಫೆಬ್ರವರಿ, ಮಾರ್ಚ್ ಬರುತ್ತಾ ಗಿರಾಕಿಗಳೇ ಕಡಿಮೆಯಾಗುತ್ತಾರೆ. ಆಮೇಲೆ ಬರೀ ಗೆರೆ ಎಳೆದ ಖಾಲಿ ಪುಟಗಳು.

ನಾನು ಭಾವುಕನಾಗಿ, “ನಿಮ್ಮಪ್ಪ ಎಂಥಾ ದೊಡ್ಡ ಮನಸ್ಸಿನವರು” ಅಂದೆ.

“ಹಾಗೆಲ್ಲ ಬರೀಬೇಡಿ ಮಾರಾಯ್ರೆ,” ಅಂದರು ಅವರು. “ಕೊಟ್ಟದ್ದು ಹೌದು. ಬೈದದ್ದೂ ಹೌದು. ಎರಡೂ ನಾನೇ ಕಂಡಿದ್ದೇನೆ.”

ಇಡೀ ಕೆಲಸದ ತಿರುಳು ಅವರ ಆ ಮಾತಿನಲ್ಲೇ ಇದೆ ಅಂತ ಅವತ್ತಿನಿಂದ ಅಂದುಕೊಂಡಿದ್ದೇನೆ. ನೆನಪು ಯಾರದ್ದೋ ಅವರು ಬಂದು ‘ಇದು ಹೀಗಲ್ಲ’ ಅನ್ನಲು ಪ್ರದರ್ಶನದಲ್ಲಿ ಜಾಗ ಇರಬೇಕು. ನಾವು ಮೊದಲೇ ಅಪ್ಪನನ್ನು ಹೀರೋ ಮಾಡಿಟ್ಟರೆ ಆ ಜಾಗ ಮುಚ್ಚಿಹೋಗುತ್ತದೆ.

ಈಗ ಕಾಗದಪತ್ರ. ವಸ್ತು ಪಡೆದ ಕೂಡಲೇ ಎರವಲು ಪತ್ರ ಬರೆಯಿರಿ, ಎರಡು ಪ್ರತಿ, ಅವರು ಓದುವ ಭಾಷೆಯಲ್ಲಿ. ವಸ್ತು ಏನು, ಅಳತೆ ಎಷ್ಟು, ಎಷ್ಟು ಪುಟ, ಎಲ್ಲಿ ಹರಿದಿದೆ, ಎಂದು ವಾಪಸ್ ಕೊಡುತ್ತೇವೆ, ಫೋಟೋ ತೆಗೆಯಬಹುದೇ, ಇಂಟರ್ನೆಟ್ಟಿನಲ್ಲಿ ಹಾಕಬಹುದೇ, ಹೆಸರು ಹಾಕಬೇಕೇ ಬೇಡವೇ ಎಲ್ಲವೂ ಅದರಲ್ಲಿರಲಿ. ಪ್ರತಿಯೊಂದಕ್ಕೂ ಬೇರೆ ಬೇರೆ ಒಪ್ಪಿಗೆ ಪಡೆಯಿರಿ. ‘ಎಲ್ಲದಕ್ಕೂ ಒಪ್ಪಿದ್ದೇನೆ’ ಅಂತ ಒಂದೇ ಸಾಲಿಗೆ ಸಹಿ ಹಾಕಿಸಬೇಡಿ. ಕೊಡುವಾಗಲೇ ಪುಟ ಪುಟವೂ ಫೋಟೋ ತೆಗೆದಿಡಿ. ಹಳೇ ಫೋಟೋ ಆದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಮಾಡಿ, ಸ್ಟುಡಿಯೋದ ಮುದ್ರೆ, ತಾರೀಕು, ಪ್ರೇಮಪತ್ರದ ಎರಡು ಸಾಲು ಎಲ್ಲ ಇರುವುದು ಹಿಂದೆಯೇ.

ಫೋಟೋದ ಹಕ್ಕಿನ ಬಗ್ಗೆ ತುಂಬ ಜನ ಎಡವುತ್ತಾರೆ. ಫೋಟೋ ಯಾರ ಮನೆಯಲ್ಲಿದೆಯೋ ಹಕ್ಕು ಅವರದ್ದೇ ಅಂತಲ್ಲ. ಸಾಮಾನ್ಯವಾಗಿ ಹಕ್ಕು ತೆಗೆದವರದ್ದು. ಅವರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಆದರೆ ಮನೆಯವರೇ ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದಾದರೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿಕೊಂಡವರದ್ದೇ ಹಕ್ಕು. ಪತ್ರಿಕೆಯಿಂದ ಕತ್ತರಿಸಿದ ಚಿತ್ರವನ್ನು ದೊಡ್ಡದು ಮಾಡಿ ತೂಗುಹಾಕುವುದಿದ್ದರೆ ಪತ್ರಿಕೆಗೆ ಬರೆದು ಕೇಳಿ.

4. ಈಗಿನ ಕಲಾವಿದರನ್ನು ಕರೆಯುವುದು

ಹಳೇ ವಸ್ತು ಮಾತ್ರ ಇಟ್ಟರೆ ಅದು ಮ್ಯೂಸಿಯಂ. ಅದರ ಪಕ್ಕ ಇವತ್ತಿನ ಒಬ್ಬರು ಏನಾದರೂ ಮಾಡಿಟ್ಟರೆ ಮಾತುಕತೆ ಶುರುವಾಗುತ್ತದೆ. ಆದರೆ ‘ಮುಷ್ಕರದ ಬಗ್ಗೆ ಒಂದು ಪೇಂಟಿಂಗ್ ಮಾಡಿ ಕೊಡಿ’ ಅಂತ ಕೇಳಬೇಡಿ. ಮುಷ್ಟಿ ಎತ್ತಿದ ಕೈ ಬರುತ್ತದೆ, ಹಿಂದೆ ಚಿಮಣಿ, ಕೆಂಪು ಆಕಾಶ. ಅಂಥದ್ದು ಈಗಾಗಲೇ ಸಾಕಷ್ಟಿವೆ.

ವಸ್ತುವನ್ನೇ ಅವರ ಮುಂದಿಡಿ. ನಾವು ಉದ್ರಿ ಪುಸ್ತಕದ ಪ್ರತಿಯನ್ನು ಕಲಬುರಗಿ ಕಡೆಯಿಂದ ಇಲ್ಲಿಗೆ ಓದಲು ಬಂದಿದ್ದ ಒಬ್ಬ ಹುಡುಗಿಗೆ ಕೊಟ್ಟೆವು. ಎರಡು ವಾರ ಏನೂ ಸುದ್ದಿಯಿಲ್ಲ. ಆಮೇಲೆ ಬಂದು, ಹೆಸರು, ಹಣ ಎಲ್ಲ ಬಿಟ್ಟು ತಿಂದದ್ದನ್ನು ಮಾತ್ರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ ಅಂದಳು. ಚಾ, ಚಾ, ಬನ್, ಚಾ, ಇಡ್ಲಿ, ಚಾ. ಸೊಂಟದೆತ್ತರದಿಂದ ಕೈಗೆಟುಕುವವರೆಗೆ ಇಡೀ ಗೋಡೆ. ಜನವರಿ 18ರ ನಂತರ ಇಡ್ಲಿ ಮಾಯವಾಗಿ ಬರೀ ಚಾ ಉಳಿಯುತ್ತದೆ. ನಾವು ಅಷ್ಟು ಸಲ ಪುಸ್ತಕ ತಿರುವಿ ಹಾಕಿದರೂ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಜನ ಗೋಡೆಗೆ ಒರಗಿ ನಿಂತು ಅರ್ಧ ಅಳಿಸಿಯೂ ಹೋಯಿತು. ಅಳಿಸಲಿ ಅಂತಲೇ ಅವಳು ಸೀಮೆಸುಣ್ಣ ಆರಿಸಿದ್ದಂತೆ.

ಕಲಾವಿದರಿಗೆ ದುಡ್ಡು ಕೊಡಿ. ‘ಸಂಘದ ಕೆಲಸ, ಪ್ರಚಾರ ಸಿಗುತ್ತದೆ’ ಅನ್ನುವ ಮಾತು ಬೇಡವೇ ಬೇಡ. ಊಟದವರಿಗೆ, ಮೈಕಿನವರಿಗೆ, ಹೂವಿನವರಿಗೆ ಕೊಡುತ್ತೇವೆ, ಚಿತ್ರ ಬರೆದವರಿಗೆ ಶಾಲು ಹೊದಿಸಿ ಕಳಿಸುತ್ತೇವೆ. ನಮ್ಮ ಲೆಕ್ಕದಲ್ಲಿ ಒಟ್ಟು ಖರ್ಚಿನ ಮೂರನೇ ಒಂದು ಭಾಗ ಕಲಾವಿದರಿಗೆ, ಸಿನಿಮಾದವರಿಗೆ ಮೀಸಲು. ಬಾಡಿಗೆ, ಲೈಟು, ಅಚ್ಚು, ಸಾಗಾಟ ಎಲ್ಲ ಉಳಿದದ್ದರಲ್ಲಿ. ಕೆಲಸ ಮುಗಿದ ಮೇಲೆ ಕೃತಿ ಯಾರದ್ದು, ಎಲ್ಲಿ ಇಡುವುದು, ಕತ್ತರಿಸಿ ಪೋಸ್ಟರ್ ಮಾಡಬಹುದೇ ಎಲ್ಲವನ್ನೂ ಬರೆದುಕೊಳ್ಳಿ. ಕೊಂಡುಕೊಂಡ ಮೇಲೂ ಕೃತಿಯನ್ನು ವಿರೂಪಗೊಳಿಸುವ ಹಕ್ಕು ನಮಗಿಲ್ಲ. ಕೃತಿಸ್ವಾಮ್ಯ ಕಾಯಿದೆಯ 57ನೇ ಸೆಕ್ಷನ್ ಅದನ್ನೇ ಹೇಳುತ್ತದೆ.

5. ಸಿನಿಮಾ

ಮೂರು ಸಂಜೆ ಸಾಕು. ಒಂದು ಸಂಜೆಗೆ ಒಂದೇ ಸಿನಿಮಾ. ನೋಡಿದ ಮೇಲೆ ಜನ ಮಾತಾಡಬೇಕು, ಆಮೇಲೆ ಡೊಂಬಿವಲಿ, ವಿರಾರ್‌ಗೆ ಲೋಕಲ್ ಹಿಡಿಯಬೇಕು. ಒಂಬತ್ತಕ್ಕೆ ದೀಪ ಹಾಕುತ್ತೇವೆ ಅಂತ ಮೊದಲೇ ಹೇಳದಿದ್ದರೆ ಎಂಟೂವರೆಗೇ ಚಪ್ಪಲಿ ಸದ್ದು ಶುರುವಾಗುತ್ತದೆ.

ಆಯ್ಕೆಯಲ್ಲಿ ಒಂದು ಈ ಊರಿನದ್ದಿರಲಿ, ಒಂದು ನಮ್ಮ ನುಡಿಯದ್ದಿರಲಿ, ಮೂರನೆಯದ್ದು ಎರಡೂ ಅಲ್ಲದ್ದಿರಲಿ. ನಾವು ಮೊದಲ ಸಂಜೆ ಆನಂದ್ ಪಟವರ್ಧನ್ ಅವರ 1985ರ ‘ಹಮಾರಾ ಶಹರ್’ ಇಟ್ಟೆವು. ಜೋಪಡಿಗಳನ್ನು ಕೆಡವಿದಾಗ ಅಲ್ಲಿದ್ದವರು ಏನು ಹೇಳಿದರು ಅನ್ನುವ ಸಾಕ್ಷ್ಯಚಿತ್ರ. ಎರಡನೇ ಸಂಜೆ ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’, ಬಸುರಾದ ಎಳೆ ವಿಧವೆಯನ್ನು ಊರು ಬಹಿಷ್ಕರಿಸುವ ಕಥೆ. ಮಿಲ್ಲಿಗೂ ಅದಕ್ಕೂ ಏನು ಸಂಬಂಧ ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ಊರು ಬಿಟ್ಟು ಬಂದವರು ಊರನ್ನು ಬರೀ ಸಿಹಿಯಾಗಿ ನೆನೆಯುತ್ತಾರೆ, ಊರು ಯಾರನ್ನು ಹೊರಗೆ ಹಾಕಿತು ಅನ್ನುವುದನ್ನು ಮರೆಯುತ್ತಾರೆ ಅಂತ ಹೇಳಿದೆ. ಒಪ್ಪಿದರೋ ಸುಸ್ತಾದರೋ ಗೊತ್ತಿಲ್ಲ, ಪಾಸಾಯಿತು. ಆ ಸಿನಿಮಾವನ್ನು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಇತರ ಸಂಸ್ಥೆಗಳು ಸೇರಿ ಪುನರುಜ್ಜೀವನಗೊಳಿಸಿವೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಮೂರನೇ ಸಂಜೆಗೆ ಹೊಸ ಹುಡುಗರ ಕಿರುಚಿತ್ರಗಳು.

ಕಾನೂನಿನಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಜನ ಕಲಸಿಬಿಡುತ್ತಾರೆ. ಮೊದಲನೆಯದು ಹಕ್ಕು. ಯೂಟ್ಯೂಬಿನಲ್ಲಿ ಇದೆ ಅಂದ ಮಾತ್ರಕ್ಕೆ ಸಭಾಂಗಣದಲ್ಲಿ ತೋರಿಸಲು ಅನುಮತಿ ಸಿಕ್ಕ ಹಾಗಲ್ಲ. ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1977ರ ಸಿನಿಮಾ ಅಂದರೆ 2037ರ ಕೊನೆಯವರೆಗೆ. ನಿರ್ಮಾಪಕರಿಗೆ, ಇಲ್ಲವೇ ಹಕ್ಕು ಈಗ ಯಾರ ಬಳಿ ಇದೆಯೋ ಅವರಿಗೆ ಪತ್ರ ಬರೆಯಿರಿ. ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿರುವ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ (ಹಳೇ ಸಿನಿಮಾಗಳನ್ನು ಕಾಪಾಡಿಡುವ ಸಂಸ್ಥೆ) ಪ್ರತಿ ಇದ್ದರೂ ಹಕ್ಕುದಾರರ ಒಪ್ಪಿಗೆ ಬೇರೆಯಾಗಿಯೇ ಬೇಕು. 1964ರಲ್ಲಿ ಶುರುವಾದ ಆ ಸಂಸ್ಥೆಗೆ ಒಮ್ಮೆ ಹೋಗಿಬನ್ನಿ. ಬೆಳಿಗ್ಗೆಯ ರೈಲು ಹಿಡಿದು ಹೋಗಿ ರಾತ್ರಿ ಮನೆ ಸೇರಬಹುದು.

ಎರಡನೆಯದು ಸೆನ್ಸಾರ್ ಪ್ರಮಾಣಪತ್ರ. 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸಲು ಅದು ಬೇಕು. ಸಾಕ್ಷ್ಯಚಿತ್ರಕ್ಕೂ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. ಚಿತ್ರೋತ್ಸವಗಳಿಗೆ ಕೇಂದ್ರ ಸರ್ಕಾರದಿಂದ ವಿನಾಯಿತಿ ಪಡೆಯುವ ದಾರಿ ಇದೆ, ಅದಕ್ಕೆ ಮೊದಲೇ ಅರ್ಜಿ ಹಾಕಬೇಕು. ಚಿಕ್ಕ ಸಂಘಕ್ಕೆ ಸುಲಭದ ದಾರಿ ಅಂದರೆ ಪ್ರಮಾಣಪತ್ರ ಇರುವ ಸಿನಿಮಾ ಆರಿಸುವುದು, ಇಲ್ಲವೇ ಫಿಲ್ಮ್ ಸೊಸೈಟಿ (ಸದಸ್ಯರಿಗೆ ಸಿನಿಮಾ ತೋರಿಸುವ ಸಂಘ) ನಡೆಸುವವರ ಜೊತೆ ಸೇರುವುದು. ಪ್ರಮಾಣಪತ್ರದ ನಕಲು ಕೈಲಿರಲಿ.

ಈ ನಿಯಮವೇ ಒಂದು ಪ್ರತಿರೋಧದ ಕಥೆಗೂ ಕಾರಣವಾಯಿತು. 2004ರ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬರುವ ಭಾರತೀಯ ಸಾಕ್ಷ್ಯಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರ ಕಡ್ಡಾಯ ಅಂದರು. ನೂರಾರು ನಿರ್ದೇಶಕರು ಸೇರಿ ವಿರೋಧಿಸಿದಾಗ ನಿಯಮ ಹಿಂದಕ್ಕೆ ಹೋಯಿತು. ಆಮೇಲೆ ಆಯ್ಕೆಯಲ್ಲೇ ಹಲವು ಸಿನಿಮಾಗಳು ಬಿದ್ದುಹೋದವು. ಆಗ ಅವರು ಪ್ರಭಾದೇವಿಯಲ್ಲಿ, ಚಿತ್ರೋತ್ಸವ ನಡೆಯುತ್ತಿದ್ದ ರವೀಂದ್ರ ನಾಟ್ಯ ಮಂದಿರದ ಹತ್ತಿರವೇ, ಭೂಪೇಶ್ ಗುಪ್ತಾ ಭವನದಲ್ಲಿ ‘ವಿಕಲ್ಪ್’ ಅಂತ ಪರ್ಯಾಯ ಉತ್ಸವ ಮಾಡಿದರು. ಬಿದ್ದ ಸಿನಿಮಾಗಳು ಅಲ್ಲಿ ಓಡಿದವು. ಕ್ಯುರೇಟರ್ ಕೆಲಸ ಅಂದರೆ ಕೆಲವೊಮ್ಮೆ ಬರೀ ಒಂದು ಸಭಾಂಗಣ ಬುಕ್ ಮಾಡುವುದು. ಸರಿಯಾದ ದಿನ, ಸರಿಯಾದ ರಸ್ತೆಯಲ್ಲಿ.

ತುಣುಕು ದೃಶ್ಯಗಳು ಬೇಕಿದ್ದರೆ ‘ಪ್ಯಾಡ್.ಮಾ’ ಅನ್ನುವ ಆನ್‌ಲೈನ್ ಸಂಗ್ರಹ ನೋಡಿ. 2008ರಿಂದ ಇದೆ. ಮುಗಿದ ಸಿನಿಮಾಕ್ಕಿಂತ ಹೆಚ್ಚಾಗಿ, ಸಿನಿಮಾ ಮಾಡುವಾಗ ಉಳಿದುಹೋದ ಫೂಟೇಜು, ಸಂದರ್ಶನ, ಬೀದಿಯ ದೃಶ್ಯ ಎಲ್ಲ ಟಿಪ್ಪಣಿ ಸಮೇತ ಅಲ್ಲಿವೆ. ನಮ್ಮ ಮದುವೆ ವಿಡಿಯೋಗಳ ಹಿನ್ನೆಲೆಯಲ್ಲಿ ಕಾಣುವ 1990ರ ದಶಕದ ದಾದರ್ ಬೀದಿಯೂ ಇಂಥ ದಾಖಲೆಯೇ ಅಂತ ಅದನ್ನು ನೋಡಿದ ಮೇಲೆ ಹೊಳೆಯಿತು.

ತಾಂತ್ರಿಕ ವಿಷಯ ಚಿಕ್ಕದಾಗಿ: ಹಿಂದಿನ ದಿನವೇ ಇಡೀ ಸಿನಿಮಾ ಓಡಿಸಿ ನೋಡಿ, ಮೊದಲ ಐದು ನಿಮಿಷವಲ್ಲ. ಎರಡು ಪೆನ್ ಡ್ರೈವ್ ಇರಲಿ. ಸಬ್‌ಟೈಟಲ್ ಕೊನೇ ಸಾಲಿನ ಕುರ್ಚಿಯಿಂದ ಓದಲಾಗುತ್ತದೆಯೇ ನೋಡಿ. ಮುಂದಿನವರ ತಲೆ ಅಡ್ಡವಾದರೆ ಪರದೆಯನ್ನು ಒಂದಡಿ ಮೇಲೆತ್ತಿ.

6. ತೂಗುಹಾಕುವುದು, ಬೆಳಕು, ತೇವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮುಂಬೈ ಮಳೆಯಲ್ಲಿ ಗಾಳಿಯ ತೇವ 80 ಶೇಕಡಾ ದಾಟುವುದು ಮಾಮೂಲಿ, ಹಳೇ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ದಿನ ಗೊತ್ತು ಮಾಡುವ ಮುಂಚೆ ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವುದು) ನೆನಪಿರಲಿ. ನಮ್ಮ ಎರಡನೇ ಪ್ರದರ್ಶನದ ಉದ್ಘಾಟನೆಗೆ ಅತಿಥಿಗಳಿಗಿಂತ ಮೊದಲು ಬಂದದ್ದು ಅವರ ಫೋನ್: “ಕುರ್ಲಾದಲ್ಲೇ ನಿಂತಿದ್ದೇವೆ.”

ಚಿತ್ರದ ನಡುಮಧ್ಯ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಬೇಕು ಅನ್ನುವುದು ಗ್ಯಾಲರಿಗಳ ರೂಢಿ. ನಮ್ಮಲ್ಲಿ ಬರುವವರಲ್ಲಿ ಹಿರಿಯ ಹೆಂಗಸರು ಜಾಸ್ತಿ, ಹಾಗಾಗಿ 140ಕ್ಕೆ ಇಳಿಸುತ್ತೇವೆ. ಹಳೇ ಕಾಗದ, ಫೋಟೋದ ಮೇಲೆ ಬೆಳಕು 50 ಲಕ್ಸ್ ಆಸುಪಾಸು ಸಾಕು. ಮೊಬೈಲಿನಲ್ಲಿ ಅಳೆಯುವ ಆ್ಯಪ್ ಇದೆ, ಅಂದಾಜಿಗೆ ಸಾಲುತ್ತದೆ. ಕಿಟಕಿಯ ಬಿಸಿಲು ನೇರ ಬೀಳಬಾರದು. ಸೆಲ್ಲೋಟೇಪ್, ಲ್ಯಾಮಿನೇಶನ್ ಎರಡನ್ನೂ ಹತ್ತಿರ ಸೇರಿಸಬೇಡಿ. ಒಳ್ಳೇ ಉದ್ದೇಶದಿಂದ ಲ್ಯಾಮಿನೇಶನ್ ಮಾಡಿಸಿ ಹಾಳಾದ ಮದುವೆ ಫೋಟೋಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಪುಸ್ತಕವನ್ನು ಪೂರ್ತಿ ಅಗಲಿಸಿ ಇಡಬೇಡಿ, ಬೆನ್ನು ಮುರಿಯುತ್ತದೆ. ಎರಡು ಕಡೆ ದಪ್ಪ ರಟ್ಟಿನ ಆಸರೆ ಕೊಟ್ಟು ಅರೆತೆರೆದು ಇಡಿ.

7. ಲೇಬಲ್

ನಮ್ಮ ಮೊದಲ ಪ್ರದರ್ಶನ ಮುಂಬೈಯ ಒಂದು ಗ್ಯಾಲರಿಯಲ್ಲಿ ನಡೆಯಿತು. ಲೇಬಲ್‌ಗಳೆಲ್ಲ ಇಂಗ್ಲಿಷಿನಲ್ಲಿ, ಬೂದು ಅಕ್ಷರ, ಬಿಳಿ ಹಾಳೆ. ಚೆಂದ ಕಾಣುತ್ತಿತ್ತು. ಗಂಡನ ಬೆಳ್ಳಿ ಬಿಲ್ಲೆ ಕೊಟ್ಟಿದ್ದ ಒಬ್ಬ ಅಮ್ಮ ಬಂದರು. ಬಿಲ್ಲೆಯ ಮುಂದೆ ನಿಂತರು, ಲೇಬಲ್ ನೋಡಿದರು, ನನ್ನನ್ನು ನೋಡಿದರು. “ಇದರಲ್ಲಿ ಅವರ ಹೆಸರಿದೆಯಾ?” ಅಂತ ಕೇಳಿದರು. ಇತ್ತು. ಅವರಿಗೆ ಕಾಣಲಿಲ್ಲ ಅಷ್ಟೆ. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತರು.

ಅಂದಿನಿಂದ ಕನ್ನಡ, ಮರಾಠಿ, ಇಂಗ್ಲಿಷ್, ಇದೇ ಕ್ರಮ. ಮರಾಠಿ ಬೇಕೇ ಬೇಕು. ಶಿಷ್ಟಾಚಾರಕ್ಕೆ ಅಂತಲ್ಲ, ಆ ಪುಸ್ತಕದಲ್ಲಿ ಹೆಸರಿರುವವರ ಮಕ್ಕಳು ಓದಬೇಕಲ್ಲ. ಅನುವಾದವನ್ನು ಮಶೀನಿಗೆ ಬಿಡಬೇಡಿ. ಆ ಭಾಷೆ ಮಾತಾಡಿ ಬೆಳೆದವರಿಂದಲೇ ಬರೆಸಿ. ಅಕ್ಷರ 18 ಪಾಯಿಂಟಿಗಿಂತ ಚಿಕ್ಕದು ಬೇಡ, ಕಪ್ಪಾಗಿರಲಿ. ಒಂದು ಭಾಷೆಗೆ 40 ಪದ ಮೀರದಿರಲಿ.

ಉದ್ರಿ ಪುಸ್ತಕಕ್ಕೆ ನಮ್ಮಲ್ಲೊಬ್ಬರು ಮೊದಲು ಬರೆದದ್ದು ಹೀಗಿತ್ತು:

“ಐತಿಹಾಸಿಕ ಜವಳಿ ಮುಷ್ಕರದ ಸಂದರ್ಭದಲ್ಲಿ ಕನ್ನಡಿಗ ಹೋಟೆಲ್ ಉದ್ಯಮಿಗಳು ತೋರಿದ ಮಾನವೀಯ ಸ್ಪಂದನೆಯನ್ನು ಸಾರುವ ಅಪೂರ್ವ ದಾಖಲೆ.”

ಕೊನೆಗೆ ಹಾಕಿದ್ದು:

“ಉದ್ರಿ ಪುಸ್ತಕ, ಪರೇಲ್, 1981-82. ಜನವರಿ 18ರ ನಂತರದ ಪುಟಗಳಲ್ಲಿ ‘ಚುಕ್ತಾ’ ಎಂದು ಬರೆದಿಲ್ಲ. ಮಾಲೀಕರ ಮಗ ಹೇಳುತ್ತಾರೆ: ‘ಅಪ್ಪ ವಸೂಲಿಗೆ ಹೋಗಲಿಲ್ಲ. ಹೋಗಿದ್ದರೂ ಅವರೆಲ್ಲ ಊರಿಗೆ ಹೋಗಿಯಾಗಿತ್ತು.’”

ಮೊದಲನೆಯದರಲ್ಲಿ ಗುಣವಾಚಕ ತೆಗೆದರೆ ಏನೂ ಉಳಿಯುವುದಿಲ್ಲ. ಎರಡನೆಯದರಲ್ಲಿ ತೆಗೆಯಲು ಗುಣವಾಚಕವೇ ಇಲ್ಲ.

ಇನ್ನೊಂದು ತಲೆನೋವು ಹೆಸರುಗಳದ್ದು. ಅದು ಸಾಲದ ಪುಸ್ತಕ. ಯಾರ ಅಪ್ಪ ಎಷ್ಟು ಬಾಕಿ ಇಟ್ಟಿದ್ದ ಅಂತ ಊರಿಗೆಲ್ಲ ತೋರಿಸುವ ಹಕ್ಕು ನಮಗಿದೆಯೇ? ಮಗನೇ ಹೇಳಿದರು, “ಹೆಸರು ಕಾಣೂದು ಬೇಡ, ಮಕ್ಕಳು ಮೊಮ್ಮಕ್ಕಳು ಬರ್ತಾರೆ.” ಕಪ್ಪು ಬಳಿದರೆ ತಪ್ಪಿತಸ್ಥರನ್ನು ಮುಚ್ಚಿದ ಹಾಗೆ ಕಾಣುತ್ತದೆ. ಕೊನೆಗೆ ಪುಟದ ತಲೆಯಲ್ಲಿದ್ದ ಹೆಸರಿನ ಮೇಲೆ ಬೆಣ್ಣೆ ಕಾಗದದ ಪಟ್ಟಿ ಇಟ್ಟೆವು. ಅಲ್ಲಿ ಅಕ್ಷರ ಇದೆ ಅಂತ ಗೊತ್ತಾಗುತ್ತದೆ, ಓದಲಾಗುವುದಿಲ್ಲ.

8. ತಕರಾರು ಬಂದರೆ

ಬಂದೇ ಬರುತ್ತದೆ. ಮೊದಲ ತಕರಾರು ಸಂಘದ ಒಳಗಿನದ್ದೇ: ದೀಪ ಬೆಳಗಲು ಹನ್ನೊಂದು ಜನ, ವೇದಿಕೆಯಲ್ಲಿ ಹದಿನಾಲ್ಕು ಕುರ್ಚಿ. ನಾವು ಕಂಡುಕೊಂಡ ಉಪಾಯ ಏನೆಂದರೆ, ವಸ್ತು ಕೊಟ್ಟವರೆಲ್ಲ ಸೇರಿ ಉದ್ಘಾಟಿಸುವುದು. ಅವರ ಎದುರು ನನಗೂ ಕುರ್ಚಿ ಬೇಕು ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಹೊರಗಿನಿಂದ ಬರುವ ತಕರಾರಿಗೆ ಮೊದಲೇ ಸಿದ್ಧರಾಗಿ. ಗಡಿ ವಿವಾದ, ಜಾತಿ, ಧರ್ಮ ತಟ್ಟುವ ವಿಷಯವಾದರೆ ತೆರೆಯುವ ಒಂದು ವಾರ ಮುಂಚೆ ಆ ಸಮುದಾಯದ ಇಬ್ಬರು ಮೂವರನ್ನು ಕರೆದು ತೋರಿಸಿ, ಅನುಮತಿಗಲ್ಲ, ಕೇಳಿಸಿಕೊಳ್ಳಲು. ತಪ್ಪಿದ್ದರೆ ತಿದ್ದಿ. ಬರೀ ಇಷ್ಟವಾಗಲಿಲ್ಲ ಅಂದರೆ ಹಾಗೇ ಇಡಿ. 1954ರಲ್ಲಿ ಚಿತ್ರಕಲಾವಿದ ಅಕ್ಬರ್ ಪದಮ್ಸೀ ಅವರ ಚಿತ್ರವೊಂದು ಅಶ್ಲೀಲ ಅಂತ ಕೇಸಾಯಿತು. ಅವರು ಚಿತ್ರವನ್ನು ಗೋಡೆಯಿಂದ ಇಳಿಸಲು ಒಪ್ಪಲಿಲ್ಲ, ಕೋರ್ಟಿನಲ್ಲಿ ಗೆದ್ದರು. ಎಲ್ಲರಿಗೂ ಅಷ್ಟು ಧೈರ್ಯ ಬೇಕಿಲ್ಲ. ಆದರೆ ಯಾವುದನ್ನು ತೆಗೆಯುವುದಿಲ್ಲ ಅಂತ ನಿಮ್ಮೊಳಗೆ ಮೊದಲೇ ತೀರ್ಮಾನವಾಗಿರಲಿ. ಗಲಾಟೆ ಆದ ಮೇಲೆ ತೀರ್ಮಾನಿಸಲು ಕೂತರೆ ಎಲ್ಲವೂ ಗೋಡೆಯಿಂದ ಇಳಿಯುತ್ತದೆ.

9. ನಡೆಯುವಾಗ ಬಾಗಿಲಲ್ಲೇ ಕೂರಿ

ಅಭಿಪ್ರಾಯ ಪುಸ್ತಕ ಇಡಿ, ಆದರೆ ಅದನ್ನು ನಂಬಬೇಡಿ. ‘ತುಂಬಾ ಚೆನ್ನಾಗಿದೆ, ಹೀಗೇ ಮುಂದುವರಿಸಿ’ ಅಂತಲೇ ಎಲ್ಲರೂ ಬರೆಯುತ್ತಾರೆ. ಅಲ್ಲೇ ಕೂತು ಕೇಳಿಸಿಕೊಳ್ಳಿ.

ಮೂರನೇ ದಿನ ಮಧ್ಯಾಹ್ನ ಒಬ್ಬ ಅಜ್ಜ ಬಂದರು. ನಿವೃತ್ತ ಮಿಲ್ ಕಾರ್ಮಿಕರು, ಮರಾಠಿಯವರು. ಪುಸ್ತಕದ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಬೆರಳು ಗಾಜಿನ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಕನ್ನಡ ಅಂಕಿಗಳು ಅವರಿಗೆ ಹೇಗೆ ಗೊತ್ತು ಅಂತ ನನಗೆ ಆಶ್ಚರ್ಯ. ದಿನಾ ಗಲ್ಲಾದ ಮುಂದೆ ನಿಂತು ನಿಂತು ಕಲಿತದ್ದಂತೆ. ಆಮೇಲೆ ನನ್ನನ್ನು ಕರೆದು, “ಟೋಟಲ್ ತಪ್ಪಿದೆ,” ಅಂದರು. “41 ಆಗಬೇಕು. 37 ಅಂತ ಬರೆದಿದ್ದಾರೆ.”

ನಾನೂ ಕೂಡಿಸಿ ನೋಡಿದೆ. ಅವರು ಹೇಳಿದ್ದು ಸರಿ. ಹೋಟೆಲಿನವರು ಕೂಡಿಸುವಾಗ ತಪ್ಪಿದರೋ, ಬೇಕೆಂದೇ ನಾಲ್ಕು ರೂಪಾಯಿ ಬಿಟ್ಟರೋ ಗೊತ್ತಿಲ್ಲ. ಮಗನಿಗೂ ಗೊತ್ತಿಲ್ಲ. ನಾವು ಅದನ್ನು ದಯೆ ಅಂತಲೂ ಬರೆಯಲಿಲ್ಲ, ತಪ್ಪು ಅಂತಲೂ ಬರೆಯಲಿಲ್ಲ. ಲೇಬಲ್ಲಿನ ಕೆಳಗೆ ಅಂದೇ ಒಂದು ಚೀಟಿ ಅಂಟಿಸಿದೆವು: “ನೋಡಲು ಬಂದ ಒಬ್ಬರು ಕೂಡಿಸಿ ಹೇಳಿದ್ದು: ಮೊತ್ತ 37 ಅಲ್ಲ, 41.” ಮೂರು ಭಾಷೆಯಲ್ಲೂ ಕೈಬರಹದಲ್ಲೇ ಬರೆದೆವು. ಆಮೇಲೆ ಬಂದವರೆಲ್ಲ ನಿಂತು ಕೂಡಿಸಲು ಶುರು ಮಾಡಿದರು. ಗಾಜಿನ ಮೇಲೆ ಬೆರಳ ಗುರುತು ಒರೆಸಿ ಒರೆಸಿ ಸಾಕಾಯಿತು.

ಅದಕ್ಕೇ ಹೇಳುವುದು, ಪ್ರತಿ ಲೇಬಲ್ಲಿನ ಕೆಳಗೆ ಒಂದಂಗೈ ಅಗಲ ಖಾಲಿ ಜಾಗ ಬಿಡಿ. ಪಕ್ಕದಲ್ಲಿ ಚೀಟಿ, ಪೆನ್ಸಿಲ್ ಇಡಿ. ಬರೆಯಲು ಬಾರದವರು ಹೇಳಿದ್ದನ್ನು ನೀವೇ ಬರೆದು, ಅವರಿಗೆ ಓದಿ ಹೇಳಿ, ಆಮೇಲೆ ಅಂಟಿಸಿ.

10. ವಾಪಸ್ ಕೊಡುವುದು

ಇಳಿಸುವ ದಿನ ಎಲ್ಲರಿಗೂ ಆತುರ. ಸಭಾಂಗಣದವರು ಮದುವೆಗೆ ಕೊಟ್ಟಿರುತ್ತಾರೆ, ಕುರ್ಚಿ ಬಂದು ಬೀಳುತ್ತಿರುತ್ತದೆ. ವಸ್ತುಗಳು ಕಳೆದುಹೋಗುವುದು ಅವತ್ತೇ. ಎರವಲು ಪತ್ರದ ಕಡತ ಹಿಡಿದು ಒಬ್ಬರು ಬಾಗಿಲಲ್ಲಿ ನಿಲ್ಲಿ. ಅವರ ಟಿಕ್ ಇಲ್ಲದೆ ಏನೂ ಹೊರಗೆ ಹೋಗಬಾರದು. ಕೊರಿಯರ್ ಮಾಡಬೇಡಿ, ಒಂದು ವಾರದೊಳಗೆ ಕೈಯಾರೆ ಕೊಟ್ಟು ಬನ್ನಿ. ಜೊತೆಗೆ ಸ್ಕ್ಯಾನ್ ಪ್ರತಿಗಳ ಪೆನ್ ಡ್ರೈವ್, ವಸ್ತು ಗೋಡೆಯ ಮೇಲಿದ್ದಾಗಿನ ಒಂದು ಫೋಟೋ ಕೊಡಿ.

ಜೂಸ್ ಅಂಗಡಿಯ ಗಲ್ಲಾದ ಮೇಲೆ ಪುಸ್ತಕ ಇಟ್ಟು ಪುಟ ಎಣಿಸಿದೆವು. ಸರಿಯಿತ್ತು. ರಸೀದಿಗೆ ಸಹಿ ಹಾಕಿ ಅವರು ಕೇಳಿದರು, “ಆ ಟೋಟಲ್‌ನ ಚೀಟಿ ಎಲ್ಲುಂಟು?” ನನ್ನ ಚೀಲದಲ್ಲೇ ಇತ್ತು, ನಮ್ಮ ಕಡತಕ್ಕೆ ಅಂತ ಇಟ್ಟುಕೊಂಡಿದ್ದೆ. ತೆಗೆದುಕೊಟ್ಟೆ. ಅದನ್ನು ಆ ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿದರು. ರಸೀದಿ ವಾಪಸ್ ಪಡೆದು ಇನ್ನೊಂದು ಸಾಲು ಸೇರಿಸಿ ಮತ್ತೆ ಸಹಿ ಹಾಕಿಸಿಕೊಂಡೆ: ಪುಸ್ತಕ ಒಂದು, ಚೀಟಿ ಒಂದು.